ಇದ್ದಂಗ ಬೇಕು ಅಂದ ಅಪ್ಪ

ಬಾಗಲಕೋಟೆಯಲ್ಲಿ ಹೋಳಿ ಹುಣ್ಣಿಮೆ ಹತ್ತಿರ ಬಂತೆಂದರೆ ರಾತ್ರಿ ಹಲಗಿ ಬಿಟ್ಟು ಬೇರೆ ಸದ್ದು ಕಿವಿಗೆ ಬೀಳುವುದಿಲ್ಲ. ಅಪ್ಪನ ಕೋಣೆಯಿಂದ ಟಕ್, ಟಕ್, ಟಕ್ ಅಂತ ಬರುತ್ತಿದ್ದ ಸದ್ದನ್ನೂ ನಾನು ಆ ಲೆಕ್ಕಕ್ಕೇ ಹಾಕಿ ಮಲಗಿಬಿಟ್ಟಿದ್ದೆ. ಮರುದಿನ ಮುಂಜಾನೆ ಅಪ್ಪ ಚಹಾದ ಕಪ್ಪು ಕೈಯಲ್ಲಿ ಹಿಡಿದುಕೊಂಡೇ ಬಂದು, "ಯವ್ವಾ, ಕಂಪ್ಯೂಟರ್ ಯಾಕೋ ಇಂಗ್ಲಿಷಿನ್ಯಾಗ ಒಂದ ಸಾಲು ಬರ್ದು ಸುಮ್ಮನ ಕುಂತೈತಿ, ನೋಡು" ಅಂದ.

ಹೋಗಿ ನೋಡಿದೆ. ಕಪ್ಪು ಪರದೆ, ಬಿಳಿ ಅಕ್ಷರ. ಸರಿಯಾದ ಬೂಟ್ ಡಿವೈಸ್ ಆರಿಸಿ ರೀಬೂಟ್ ಮಾಡಿರಿ ಅಂತ. ಅದರ ಹಿಂದೆ, ಸಿಪಿಯು ಡಬ್ಬಿಯೊಳಗಿಂದ, ರಾತ್ರಿ ಕೇಳಿದ ಅದೇ ಸದ್ದು. ಹಾರ್ಡ್ ಡಿಸ್ಕಿನೊಳಗೆ ತಿರುಗುವ ತಟ್ಟೆಯ ಮೇಲೆ ಓದುವ ಮುಳ್ಳು ತನ್ನ ದಾರಿ ಹುಡುಕಿ, ಸಿಗದೆ, ತನ್ನ ಜಾಗಕ್ಕೆ ವಾಪಸ್ ಹೋಗಿ, ಮತ್ತೆ ಹೊರಡುವ ಸದ್ದು ಅದು. ಹೀಗೆ ಅಂತ ಆಮೇಲೆ ಓದಿ ತಿಳಿದುಕೊಂಡೆ. ಆ ಹೊತ್ತಿಗೆ ನನಗೆ ಅನ್ನಿಸಿದ್ದು ಇಷ್ಟೇ: ಒಳಗೆ ಯಾರೋ ಬಾಗಿಲು ಬಡಿಯುತ್ತಿದ್ದಾರೆ.

ನಾನು ಕಂಪ್ಯೂಟರ್ ಕಲಿತವಳಲ್ಲ. ಒಂದು ಸೊಸೈಟಿಯಲ್ಲಿ ಲೆಕ್ಕ ಬರೆಯುವವಳು. ಆದರೆ ಮನೆಯಲ್ಲಿ ಪಾಸ್‌ವರ್ಡ್ ಮರೆತರೂ ನಾನೇ, ಪ್ರಿಂಟರ್ ಕಾಗದ ನುಂಗಿದರೂ ನಾನೇ. ತಮ್ಮ ಪುಣೆಯಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ. ಅವನು ಫೋನಿನಲ್ಲಿ ಹೇಳುತ್ತಾನೆ, ನಾನು ಇಲ್ಲಿ ಕೈ ಆಡಿಸುತ್ತೇನೆ. ದೇವರ ಕೋಣೆಯ ಪೂಜಾರಿ ಬೇರೆ, ಮಂತ್ರ ಹೇಳುವವರು ಬೇರೆ ಅಂದಹಾಗೆ.

ಈ ಕಂಪ್ಯೂಟರ್ 2014ರದು. ತಂದಾಗ ವಿಂಡೋಸ್ 7 ಇತ್ತು. ಮರುವರ್ಷ ವಿಂಡೋಸ್ 10 ಪುಕ್ಕಟೆ ಅಂತ ಬಂದಾಗ ಅದಕ್ಕೆ ಏರಿಸಿದ್ದೆವು. ಒಂದು ಟಿಬಿ ಹಾರ್ಡ್ ಡಿಸ್ಕು, ಇಡೀ ಡಿಸ್ಕು ಒಂದೇ ಸಿ ಡ್ರೈವ್. ಅಪ್ಪ ಪ್ರಾಥಮಿಕ ಶಾಲೆಯ ಮಾಸ್ತರನಾಗಿ ನಿವೃತ್ತನಾದವನು. ಕೆಲಸದಲ್ಲಿದ್ದಾಗಲೇ ನುಡಿ ತಂತ್ರಾಂಶದಲ್ಲಿ ಕನ್ನಡ ಟೈಪು ಕಲಿತಿದ್ದ. ನಿವೃತ್ತಿಯಾದ ಮೇಲೆ ಒಂದೇ ಒಂದು ಫೈಲಿಗಾಗಿ ಆ ಯಂತ್ರದ ಮುಂದೆ ಕೂಡುತ್ತಿದ್ದ. ಆ ಫೈಲಿನ ಹೆಸರು ‘ಓಣಿ’.

ಬಾಗಲಕೋಟೆ ಗೊತ್ತಿಲ್ಲದವರಿಗೆ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಕೃಷ್ಣೆಗೆ ಆಲಮಟ್ಟಿಯಲ್ಲಿ ಅಣೆಕಟ್ಟು ಕಟ್ಟಲು 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಹಾಕಿದರು. ಕಟ್ಟಿ ಮುಗಿದದ್ದು 2005ರಲ್ಲಿ. ಈಗ 519.60 ಮೀಟರಿನವರೆಗೆ ನೀರು ನಿಲ್ಲಿಸುತ್ತಾರೆ, ಸುಮಾರು 123 ಟಿಎಂಸಿ. ಆ ನೀರು ಘಟಪ್ರಭೆಯ ಪಾತ್ರದಲ್ಲಿ ಹಿಂದಕ್ಕೆ ಸರಿದು ನಮ್ಮ ಹಳೇ ಊರಿನ ಓಣಿಗಳೊಳಗೆ ಬಂತು. ನಾವು ಇದನ್ನು ಒಂದೇ ಶಬ್ದದಲ್ಲಿ ‘ಮುಳುಗಡೆ’ ಅನ್ನುತ್ತೇವೆ. ಮನೆ ಕಳೆದುಕೊಂಡವರಿಗೆ ಅಂತ ನವನಗರ ಕಟ್ಟಿದರು: ಅಗಲ ರಸ್ತೆ, ಸೆಕ್ಟರು, ನಂಬರು. ನಾವೂ ಹಾಗೆ ಬಂದವರು. ಮಟ್ಟವನ್ನು 524.256 ಮೀಟರಿಗೆ ಏರಿಸುವ ಮಾತು ಇನ್ನೂ ಬಾಕಿ ಇದೆ. ಹಾಗಾಗಿ ಮುಳುಗಡೆ ಅನ್ನುವುದು ನಮ್ಮಲ್ಲಿ ಹಿಂದೆ ಆಗಿಹೋದ ಸಂಗತಿಯ ಹೆಸರಲ್ಲ, ಮನೆಯಲ್ಲಿ ಕೂತು ಚಹಾ ಕುಡಿಯುವ ನೆಂಟನ ಹೆಸರು.

‘ಓಣಿ’ ಫೈಲಿನಲ್ಲಿ ಅಪ್ಪ ಬರೆಯುತ್ತಿದ್ದುದು ನಮ್ಮ ಹಳೇ ಓಣಿಯ ಪಟ್ಟಿ. ಬಲಗಡೆಯ ಮೊದಲ ಮನೆ ಯಾರದು, ಅದರ ಪಕ್ಕದ್ದು ಯಾರದು, ಯಾರ ಮನೆ ಮುಂದೆ ಕಟ್ಟೆ ಇತ್ತು, ಯಾರ ಹಿತ್ತಲಲ್ಲಿ ಬಾವಿ ಇತ್ತು, ಯಾರು ಎಲ್ಲಿಗೆ ಹೋದರು. ಇದರಲ್ಲಿ ಕಥೆಯಿಲ್ಲ, ಕಣ್ಣೀರಿಲ್ಲ. ಹಾಜರಿ ಪುಸ್ತಕ ಬರೆದ ಕೈ ಅದು. ನಂಬರು, ಹೆಸರು, ಷರಾ. ಹೋಳಿಯ ಹೊತ್ತಿಗೆ 58 ಮನೆಗಳಾಗಿದ್ದವು.

ಮೊದಲ ದಿನದ ನನ್ನ ತಪ್ಪನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಕಪ್ಪು ಪರದೆ ಬಂದ ಮೇಲೆ ಎರಡು ಮೂರು ಸಲ ಆಫ್ ಮಾಡಿ ಆನ್ ಮಾಡಿದಾಗ ವಿಂಡೋಸ್ ಬಂತು. ನಿಧಾನಕ್ಕೆ, ಗೂರಲು ಹತ್ತಿದ ಮುದುಕರು ಮೆಟ್ಟಿಲು ಹತ್ತಿದಂತೆ, ಆದರೂ ಬಂತು. ಡ್ರಾಯರಿನಲ್ಲಿ ಪೆನ್ ಡ್ರೈವ್ ಇತ್ತು. ‘ಓಣಿ’ ಫೈಲು ಡೆಸ್ಕ್‌ಟಾಪಿನ ಮೇಲೇ ಕಣ್ಣಿಗೆ ಕಾಣುತ್ತಿತ್ತು. ಎಳೆದು ಹಾಕಿದ್ದರೆ ಎರಡು ಸೆಕೆಂಡಿನ ಕೆಲಸ. ನಾನು ಎಳೆಯಲಿಲ್ಲ. ಯಾಕೆಂದರೆ ನಮ್ಮ ಹತ್ತಿರ ಬ್ಯಾಕಪ್ ಇತ್ತು. ದೀಪಾವಳಿಗೆ ಬಂದಾಗ ತಮ್ಮ ಇಡೀ ಕಂಪ್ಯೂಟರ್‌ನ ಸಿಸ್ಟಂ ಇಮೇಜನ್ನು, ಅಂದರೆ ಇದ್ದಂತೆ ಪೂರ್ತಿ ನಕಲನ್ನು, ಒಂದು ಎಕ್ಸ್‌ಟರ್ನಲ್ ಡಿಸ್ಕಿಗೆ ತೆಗೆದಿಟ್ಟು, "ಅಕ್ಕಾ, ಇನ್ನ ಬೆಂಕಿ ಬಿದ್ದರೂ ಚಿಂತಿ ಇಲ್ಲ" ಅಂದಿದ್ದ. ಆ ಧೈರ್ಯದ ಮೇಲೆ ನಾನು ಡಿಸ್ಕು ‘ರಿಪೇರಿ’ ಮಾಡಲು ಹೊರಟೆ. ಚೆಕ್‌ಡಿಸ್ಕ್ ಹಚ್ಚಿದೆ, ಕೆಟ್ಟ ಸೆಕ್ಟರುಗಳನ್ನು ಹುಡುಕುವ ಪೂರ್ತಿ ತಪಾಸಣೆ. ಅದು ಡಿಸ್ಕಿನ ಮೂಲೆಮೂಲೆಯನ್ನೂ ಓದುತ್ತ ಹೋಗುತ್ತದೆ. ಎದೆನೋವು ಅಂದವರನ್ನು ಗುಡ್ಡ ಹತ್ತಿಸಿ ನೋಡಿದ ಹಾಗೆ ಅದು. ರಾತ್ರಿ ಪೂರ್ತಿ 11 ಪರ್ಸೆಂಟಿನಲ್ಲಿ ನಿಂತಿತ್ತು. ಮುಂಜಾನೆ ಟಕ್ ಟಕ್ ಕೂಡ ನಿಂತಿತ್ತು. ವಿಂಡೋಸಿಗೂ ಮೊದಲು ಏಳುವ ಬಯೋಸ್ ಪರದೆಯಲ್ಲಿ ಡಿಸ್ಕಿನ ಹೆಸರೇ ಇರಲಿಲ್ಲ.

ಡಿಸ್ಕು ಸದ್ದು ಮಾಡಲು ಶುರು ಮಾಡಿದರೆ ರಿಪೇರಿಗೆ ಕೈ ಹಾಕಬೇಡಿ. ಅದಕ್ಕೆ ಉಳಿದ ಉಸಿರು ನಿಮ್ಮ ಫೈಲು ಹೊರಗೆ ತರಲಿಕ್ಕೆ ಮಾತ್ರ ಸಾಲುತ್ತದೆ. ಹೆಚ್ಚಿಗೆ ಹೇಳುವುದಿಲ್ಲ.

ಸಿಪಿಯು ಡಬ್ಬಿಯನ್ನು ಟಂಟಂನಲ್ಲಿ ಮಡಿಲಲ್ಲಿಟ್ಟುಕೊಂಡು ಅಂಗಡಿಗೆ ಒಯ್ದೆ. ಹುಡುಗ ಅರ್ಧ ಶಟರ್ ಎಳೆದು ನಿಂತಿದ್ದ. ಆಗಲೇ ಅವನ ಅಂಗಿಯ ತೋಳಿಗೆ ಗುಲಾಬಿ ಬಣ್ಣ ಹತ್ತಿತ್ತು. "ಡಿಸ್ಕ್ ಹೋಗೈತ್ರಿ ಅಕ್ಕಾರ. ಎಸ್‌ಎಸ್‌ಡಿ ಹಾಕ್ಕೊಳ್ರಿ, ತಿರುಗೂ ತಟ್ಟಿ ಇಲ್ಲದ ಹೊಸಾ ನಮೂನಿ ಡಿಸ್ಕ್, ಗಾಳಿ ಹಂಗ ಓಡ್ತೈತಿ. ನಾಳಿಂದ ಮೂರ ದಿನಾ ಅಂಗಡಿ ತಗಿಯೂದಿಲ್ಲ ಮತ್ತ." ನಮ್ಮೂರಿನ ಬಣ್ಣದಾಟ ಒಂದೇ ದಿನಕ್ಕೆ ಮುಗಿಯುವುದಲ್ಲ, ಕಿಲ್ಲಾದಿಂದ ವೆಂಕಟಪೇಟೆವರೆಗೆ ಬಂಡಿಗಟ್ಟಲೆ ಬಣ್ಣ ಓಡಾಡುತ್ತದೆ, ಬ್ಯಾರಲ್ಲುಗಳು ಖಾಲಿಯಾಗುವ ತನಕ ಯಾರೂ ಅಂಗಡಿಯ ಮಾತು ಆಡುವುದಿಲ್ಲ. ಹೊಸ ಡಿಸ್ಕು ಎಷ್ಟರದ್ದು ಬೇಕು ಅಂದ. ನಾನು ಲೆಕ್ಕದವಳು. ಅಪ್ಪನ ಕಂಪ್ಯೂಟರ್‌ನಲ್ಲಿ ತುಂಬಿದ್ದು ಹೆಚ್ಚೆಂದರೆ 140 ಜಿಬಿ. ಐನೂರರದ್ದು ಸಾಕು ಅಂದೆ. ಮನೆಗೆ ಬಂದು ತಮ್ಮ ವಿಡಿಯೋ ಕಾಲಿನಲ್ಲಿ ತೋರಿಸಿದಂತೆ ಎರಡು ವೈರು ಚುಚ್ಚಿ, ಸ್ಕ್ರೂ ಸಿಗದೆ ಎಸ್‌ಎಸ್‌ಡಿಯನ್ನು ಡಬಲ್ ಟೇಪಿನಿಂದ ಅಂಟಿಸಿದೆ. ಆಫೀಸಿನ ಲ್ಯಾಪ್‌ಟಾಪಿನಲ್ಲಿ ಪೆನ್ ಡ್ರೈವ್ ಬೂಟೆಬಲ್ ಮಾಡಿಕೊಂಡೆ, ಅಂದರೆ ಅದರಿಂದಲೇ ಕಂಪ್ಯೂಟರ್ ಶುರುವಾಗುವಂತೆ. ಇನ್ನೇನು, ಇಮೇಜ್ ರಿಸ್ಟೋರ್ ಮಾಡಿದರೆ ಆಯಿತು.

ಅಪ್ಪ ಹಿಂದೆ ನಿಂತು ಒಂದೇ ಮಾತು ಹೇಳಿದ: "ಎಲ್ಲಾ ಹೆಂಗಿತ್ತೋ ಹಂಗ ಬರಬೇಕು ನೋಡು. ಇದ್ದಂಗ."

ಅವನಿಗೆ ಐಕಾನುಗಳ ಹೆಸರು ಗೊತ್ತಿಲ್ಲ. ‘ನುಡಿ’ ಎಂದರೆ ಎರಡನೇ ಸಾಲಿನ ಕೆಳಗಿಂದ ಮೂರನೆಯದು. ‘ಓಣಿ’ ಎಂದರೆ ಅದರ ಬಲಗಡೆಯದು. ಪ್ರಿಂಟರ್ ಮೇಲಿನ ಮೂಲೆಯಲ್ಲಿರುವುದು. ಒಂದು ಸಲ ತಮ್ಮ ಬಂದು ಐಕಾನುಗಳನ್ನು ಸಾಲಾಗಿ ಜೋಡಿಸಿದ್ದಕ್ಕೆ ಅಪ್ಪ ಎರಡು ದಿನ ಅವನ ಜೊತೆ ಮಾತಾಡಿರಲಿಲ್ಲ. ಇಂಥವರಿಗೆ ಬರೀ ಫೈಲು ಉಳಿದರೆ ಸಾಲದು. ಸಿಸ್ಟಂ ಇಮೇಜಿನ ಭರವಸೆಯೂ ಅದೇ: ಫೈಲು, ಪ್ರೋಗ್ರಾಂ, ಸೆಟ್ಟಿಂಗು, ಗೋಡೆಯ ಬಣ್ಣದ ಸಮೇತ ಇಡೀ ಮನೆಯನ್ನೇ ಎತ್ತಿ ಇಡುತ್ತೇವೆ ಅಂತ. ಇದನ್ನು ಮಾಡುವ ಸಲಕರಣೆಗೆ ವಿಂಡೋಸ್ 10ರ ಒಳಗೂ ವಿಂಡೋಸ್ 7 ಎಂಬ ಹಳೇ ಹೆಸರೇ ಅಂಟಿಕೊಂಡಿದೆ. ಇನ್ನು ಇದನ್ನು ಬೆಳೆಸುವುದಿಲ್ಲ ಅಂತ 2017ರಲ್ಲೇ ಹೇಳಿಬಿಟ್ಟಿದ್ದಾರೆ, ಆದರೂ ತೆಗೆದುಹಾಕಿಲ್ಲ. ಊರಿನ ಹೆಸರು ಬದಲಾದರೂ ಹಳೇ ಬೋರ್ಡುಗಳು ಇನ್ನೂ ನಿಂತಿರುತ್ತವಲ್ಲ, ಹಾಗೆ.

ಪೆನ್ ಡ್ರೈವಿನಿಂದ ಬೂಟ್ ಮಾಡಿ, ರಿಪೇರಿ, ಟ್ರಬಲ್‌ಶೂಟ್, ಸಿಸ್ಟಂ ಇಮೇಜ್ ರಿಕವರಿ ಅಂತ ಒಳಗೊಳಗೆ ಹೋದೆ. ಮೊದಲ ಉತ್ತರ: ಈ ಕಂಪ್ಯೂಟರಿನಲ್ಲಿ ಸಿಸ್ಟಂ ಇಮೇಜ್ ಸಿಗುತ್ತಿಲ್ಲ. ಎಕ್ಸ್‌ಟರ್ನಲ್ ಡಿಸ್ಕಿನ ನೀಲಿ ದೀಪ ನನ್ನ ಮೂಗಿನ ಕೆಳಗೆ ಮಿಣುಕುತ್ತಿತ್ತು. ತಪ್ಪು ನನ್ನ ಒಪ್ಪ ಓರಣದ್ದು. ಸಂಕ್ರಾಂತಿಯ ಹೊತ್ತಿಗೆ ಆ ಡಿಸ್ಕಿನಲ್ಲಿ ಮದುವೆಯ ಫೋಟೋ ಹಾಕುವಾಗ, ವಿಂಡೋಸ್‌ಇಮೇಜ್‌ಬ್ಯಾಕಪ್ ಅನ್ನುವ ಫೋಲ್ಡರನ್ನು ‘ಅಪ್ಪನ ಕಂಪ್ಯೂಟರ್’ ಅನ್ನುವ ಇನ್ನೊಂದು ಫೋಲ್ಡರಿನೊಳಗೆ ಎತ್ತಿಟ್ಟಿದ್ದೆ. ರಿಕವರಿ ಪರದೆ ಅಷ್ಟು ದೂರ ಹುಡುಕುವುದಿಲ್ಲ. ಆ ಫೋಲ್ಡರು ಡಿಸ್ಕಿನ ಹೊರಬಾಗಿಲಲ್ಲೇ ಇರಬೇಕು, ಹೆಸರೂ ಅಕ್ಷರ ಬದಲಾಗದೆ ಇರಬೇಕು. ಲ್ಯಾಪ್‌ಟಾಪಿಗೆ ಹಾಕಿ ಹೊರಗೆ ಎಳೆದಿಟ್ಟೆ. ಸಿಕ್ಕಿತು. ದೀಪಾವಳಿ ಪಾಡ್ಯದ ತಾರೀಖು ಸಮೇತ ಪರದೆಯ ಮೇಲೆ ಬಂತು. ಅವ್ವ ಒಂದು ಬಟ್ಟಲು ಸೂಸಲಾ ತಂದಿಟ್ಟಳು, ಗೆದ್ದವರಿಗೆ ಇಡುವಂತೆ.

ಎರಡನೇ ಉತ್ತರ ವಿಚಿತ್ರದ್ದು. ಈ ಇಮೇಜನ್ನು ಬಯೋಸ್ ಇರುವ ಕಂಪ್ಯೂಟರಿನಲ್ಲಿ ಮಾಡಲಾಗಿದೆ, ಈ ಕಂಪ್ಯೂಟರ್ ಇಎಫ್‌ಐ ಬಳಸುತ್ತಿದೆ, ಆಗುವುದಿಲ್ಲ. ಅದೇ ಕಂಪ್ಯೂಟರ್ ಮಾರಾಯ್ರೆ! ಅದೇ ಡಬ್ಬಿ, ಅದೇ ಬೋರ್ಡು, ಮೇಲೆ ಅಪ್ಪ ಅಂಟಿಸಿದ ಬಸವಣ್ಣನ ಸ್ಟಿಕರು ಕೂಡ ಅದೇ. ತಮ್ಮ ಬಿಡಿಸಿ ಹೇಳಿದ. 2014ರ ಸುಮಾರಿನ ಬೋರ್ಡುಗಳಿಗೆ ಎರಡು ನಡೆ ಗೊತ್ತು: ಹಳೆಯ ಬಯೋಸ್ ನಡೆ, ಹೊಸ ಯುಇಎಫ್‌ಐ ನಡೆ (ಪರದೆ ಇಎಫ್‌ಐ ಅಂದದ್ದು ಇದನ್ನೇ). ನಮ್ಮ ವಿಂಡೋಸ್ 7 ಹಳೇ ನಡೆಯಲ್ಲಿ ಕೂತಿತ್ತು, ಅದರ ಮೇಲೇ 10 ಬಂದು ಕೂತಿತ್ತು. ನಾನು ಪೆನ್ ಡ್ರೈವನ್ನು ಹೊಸ ನಡೆಯಲ್ಲಿ ಎಬ್ಬಿಸಿದ್ದೆ. "ಬೂಟ್ ಮೆನುದಾಗ ನಿನ್ನ ಪೆನ್ ಡ್ರೈವ್ ಎರಡ ಸಲ ಕಾಣ್ತೈತಿ ನೋಡಕ್ಕಾ. ಒಂದರ ಹಿಂದ ಯುಇಎಫ್‌ಐ ಅಂತ ಬಾಲ ಐತಿ. ಬಾಲ ಇಲ್ಲದ್ದನ್ನ ಹಿಡಿ." ಹಿಡಿದೆ. ಆ ತಕರಾರು ಹೋಯಿತು. ಇಷ್ಟಕ್ಕೆ ಒಂದೂವರೆ ತಾಸು ತಿಂದಿದ್ದೆ.

ಮೂರನೆಯದರ ಹೆಸರು 80042412. ಎರರ್ ನಂಬರಿನ ಕೊನೆಯ ಎಂಟು ಅಂಕಿ ಅವು, ಈಗಲೂ ಬಾಯಿಪಾಠ. ಸಿಸ್ಟಂ ಡಿಸ್ಕನ್ನು ಮರಳಿ ಕೂಡಿಸಲು ತಕ್ಕ ಡಿಸ್ಕು ಯಾವುದೂ ಸಿಗಲಿಲ್ಲ ಅಂತ ಅದರ ಅರ್ಥ. ಹೊಸ ಎಸ್‌ಎಸ್‌ಡಿ ಬಯೋಸಿನಲ್ಲಿ ಕಾಣುತ್ತಿತ್ತು. ವೈರು ಬಿಚ್ಚಿ ಹಾಕಿದೆ. ಇನ್ನೊಂದು ತೂತಿಗೆ ಚುಚ್ಚಿದೆ. ಡಿಸ್ಕು ಖಾಲಿ ಇರಬೇಕೇನೋ ಅಂತ ಒರೆಸಿ ಹಾಕಿದೆ. ಮತ್ತೆ ಅದೇ ಎಂಟು ಅಂಕಿ. ಹೊರಗೆ ಹುಡುಗರು ಬೊಬ್ಬೆ ಹಾಕುತ್ತ ಓಡುತ್ತಿದ್ದರು. ಒಬ್ಬ ಕಿಟಕಿಯ ಗಾಜಿಗೆ ಹಸಿರು ಬಣ್ಣ ಎರಚಿ ಹೋದ. ಅದು ಇವತ್ತಿಗೂ ಪೂರ್ತಿ ಹೋಗಿಲ್ಲ.

ಇದರ ಕಾರಣ ತಿಳಿದಾಗ ನನಗೆ ನನ್ನ ಲೆಕ್ಕದ ಮೇಲೇ ನಾಚಿಕೆಯಾಯಿತು. ನಾನು ನೋಡಿದ್ದು ಎಷ್ಟು ತುಂಬಿದೆ ಅನ್ನುವುದನ್ನು; ಇಮೇಜು ಬರೆದಿಟ್ಟುಕೊಂಡದ್ದು ಜಾಗ ಎಷ್ಟಿತ್ತು ಅನ್ನುವುದನ್ನು. ಒಂದು ಟಿಬಿ ಅಂತ ಡಬ್ಬಿಯ ಮೇಲೆ ಬರೆಯುವವರು ಸಾವಿರದ ಲೆಕ್ಕ ಹಿಡಿಯುತ್ತಾರೆ, ವಿಂಡೋಸು 1024ರ ಲೆಕ್ಕ ಹಿಡಿಯುತ್ತದೆ. ಹಾಗಾಗಿ ಹಳೇ ಡಿಸ್ಕು ಪರದೆಯ ಮೇಲೆ 931 ಜಿಬಿ, ಹೊಸದು 465. ಹಳೆಯದರಲ್ಲಿ 140 ಮಾತ್ರ ಸಾಮಾನು, ಉಳಿದದ್ದು ಬರೀ ಬಯಲು. ಆದರೆ ಇಮೇಜಿಗೆ ಆ ಬಯಲೂ ಮನೆಯ ಭಾಗವೇ. 931ರ ಗೋಡೆ ಎಬ್ಬಿಸಲು 465ರ ಜಾಗದಲ್ಲಿ ಆಗುವುದಿಲ್ಲ ಅಂತ ಅದು ಕೈಯೆತ್ತುತ್ತದೆ. ಸಾಮಾನು ಹಿಡಿಸುತ್ತದೋ ಇಲ್ಲವೋ ಅಂತ ಕೇಳುವುದೇ ಇಲ್ಲ.

ಇದನ್ನು ಅಪ್ಪನಿಗೆ ಹೇಗೆ ಹೇಳಲಿ ಅಂತ ತಡವರಿಸುತ್ತಾ, "ಅಪ್ಪಾ, ಹೊಸಾ ಡಿಸ್ಕ್ ಸಣ್ಣದ ಆತು. ಸಾಮಾನ ಕಡಿಮಿ ಅದಾವ, ಆದ್ರ ಹಳೇ ಮನಿ ಅಳತಿ ದೊಡ್ಡದಿತ್ತು, ಅದಕ್ಕ ಒಲ್ಲೆ ಅನ್ನಾಕತ್ತೈತಿ" ಅಂದೆ.

ಅಪ್ಪ ನಕ್ಕುಬಿಟ್ಟ. "ನವನಗರಕ್ಕ ಬಂದಾಗ ನಮಗೂ ಇದ ಎರರ್ ಬಂದಿತ್ತಲ್ಲೇ" ಅಂದ.

ಹಳೇ ಊರಿನ ನಮ್ಮ ಮನೆ ದೊಡ್ಡದು. ಪಡಸಾಲೆ, ಅದರ ಬಾಜೂಕೆ ದನ ಕಟ್ಟುವ ಜಾಗ, ನಡುಮನೆ, ಹಿತ್ತಲು. ಹಂಚಿಕೆಯಾಗಿ ಸಿಕ್ಕ ನಿವೇಶನದಲ್ಲಿ ಆ ಪಡಸಾಲೆ ಒಂದೇ ಕೂಡುತ್ತಿರಲಿಲ್ಲ. ನೀರು ಬರುವ ಮೊದಲು ಎಲ್ಲರೂ ಮಾಡಿದ್ದನ್ನೇ ಅಪ್ಪನೂ ಮಾಡಿದ: ಬಡಿಗ್ಯಾರನ್ನು ಕರೆಸಿ ಮನೆಯನ್ನು ಬಿಚ್ಚಿಸಿದ. ತೊಲೆ, ಕಂಬ, ಬಾಗಿಲು, ಕಿಟಕಿಯ ಸರಳು ಎಲ್ಲಾ ಟ್ರ್ಯಾಕ್ಟರಿನಲ್ಲಿ ಬಂದವು. ತೊಲೆಗಳು ಮಾರಿಹೋದವು. ಕಂಬಗಳಲ್ಲಿ ಎರಡು ಈಗ ನಮ್ಮ ಗೇಟಿನ ಬಳಿ ಮಲ್ಲಿಗೆ ಬಳ್ಳಿ ಹೊತ್ತು ನಿಂತಿವೆ. ದೊಡ್ಡ ಬಾಗಿಲನ್ನು ಮಾತ್ರ ಅಪ್ಪ ಬಿಡಲಿಲ್ಲ. ಅದು ಸಾಗವಾನಿ, ಅಡ್ಡಪಟ್ಟಿಗೆ ಹಿತ್ತಾಳೆಯ ಮೊಳೆ. ಹೊಸ ಮನೆಯ ಎಂಜಿನಿಯರ್ ಕೊಟ್ಟ ನಕ್ಷೆಯಲ್ಲಿ ಬಾಗಿಲಿನ ಜಾಗ ಸಣ್ಣದು. ಬಾಗಿಲನ್ನು ಕೊಯ್ಯೋಣ ಅಂದ ಬಡಿಗ್ಯಾ. ಗೋಡೆ ಒಡಿ ಅಂದ ಅಪ್ಪ. ಆಗಷ್ಟೇ ಕಟ್ಟಿದ ಗೋಡೆ! ಅವ್ವ ಮೂರು ದಿನ ಮುಖ ಊದಿಸಿಕೊಂಡಿದ್ದಳಂತೆ. ಹಾಗಾಗಿ ನಮ್ಮದು ಸೆಕ್ಟರಿನಲ್ಲೇ ವಿಚಿತ್ರ ಮನೆ. ವಾಡೆಯ ಬಾಗಿಲು ತೆಗೆದು ಒಳಗೆ ಹೋದರೆ ಎದುರಿಗೇ ಫ್ರಿಜ್ಜು. ಮಳೆಗಾಲದಲ್ಲಿ ಬಾಗಿಲು ಉಬ್ಬಿ ಹಾಕಲು ಬರುವುದಿಲ್ಲ, ಕಾಲಿನಿಂದ ಒದೆಯಬೇಕು.

ಇದೆಲ್ಲ ನನಗೆ ಗೊತ್ತಿದ್ದದ್ದೇ. ಆದರೆ ಆ ರಾತ್ರಿ ಅಪ್ಪ ಅದನ್ನು ಹೇಳಿದ್ದು ನೆನಪು ಮಾಡಿಕೊಳ್ಳಲು ಅಲ್ಲ, ಕೆಲಸ ಹೇಳಲು. "ಇಡೀ ಮನಿ ಎತ್ತಿ ಇಡಾಕ ಬರೂದಿಲ್ಲ ಅಂದ್ರ ಬಿಡು. ಬಿಚ್ಚಾಕರ ಬರ್ತೈತಿಲ್ಲೋ? ಬೇಕಾದ್ದ ಬಿಚ್ಚಿಕೊಂಡ ಬಾ." ತಮ್ಮನಿಗೆ ಬೇರೆ ಉಪಾಯವಿತ್ತು. ಒಂದು ಟಿಬಿಯ ಡಿಸ್ಕು ಯಾರದಾದರೂ ಎರವಲು ತಂದು, ಅದರ ಮೇಲೆ ರಿಸ್ಟೋರ್ ಮಾಡಿ, ಸಿ ಡ್ರೈವನ್ನು ಕುಗ್ಗಿಸಿ, ಆಮೇಲೆ ಎಸ್‌ಎಸ್‌ಡಿಗೆ ನಕಲು ಹೊಡೆಯುವುದು. ಅದೂ ಆಗುವಂಥದ್ದೇ. ಇದನ್ನು ಓದುತ್ತಿರುವವರು ಅದೇ ಸಿಕ್ಕಿನಲ್ಲಿದ್ದರೆ, ಅಂಗಡಿ ತೆರೆದಿದ್ದರೆ, ಹಾಗೇ ಮಾಡಿ. ಆದರೆ ‘ಇದ್ದಂಗ’ ಅಂದ ಮನುಷ್ಯನೇ ಬೇಡ ಅಂದ ಮೇಲೆ ನನಗೂ ಹಟ ಉಳಿಯಲಿಲ್ಲ.

ಎಸ್‌ಎಸ್‌ಡಿಗೆ ಹೊಸದಾಗಿ ವಿಂಡೋಸ್ 10 ಹಾಕಿದೆ. 11 ಹಾಕಲು ಈ ಯಂತ್ರಕ್ಕೆ ಯೋಗ್ಯತೆಯಿಲ್ಲ. ಪ್ರೊಸೆಸರು ಹಳೆಯದು, 11 ಕೇಳುವ ಭದ್ರತೆಯ ಟಿಪಿಎಂ 2.0 ಚಿಪ್ಪಿಲ್ಲ. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೇ ನಿಂತಿದೆ ಅನ್ನುವುದೂ ಗೊತ್ತು. ಅಪ್ಪನ ಯಂತ್ರದಿಂದ ನೆಟ್ಟಿನ ವೈರು ಕಿತ್ತು ಆ ಚಿಂತೆ ಮುಗಿಸಿದೆ. ಪಟ್ಟಿ ಬರೆಯಲು ಇಂಟರ್ನೆಟ್ಟು ಯಾಕೆ?

ಆಮೇಲೆ ಇಮೇಜಿನ ಫೋಲ್ಡರಿನೊಳಗೆ ಹೋದರೆ, ಉದ್ದುದ್ದ ಅಂಕಿಗಳ ಹೆಸರಿನ ಒಂದು ದೊಡ್ಡ ಫೈಲು ಇರುತ್ತದೆ. ಕೊನೆಯಲ್ಲಿ ವಿಎಚ್‌ಡಿಎಕ್ಸ್ ಅಂತ. ಅದು ಫೈಲಿನ ವೇಷದಲ್ಲಿರುವ ಡಿಸ್ಕು. ಡಿಸ್ಕ್ ಮ್ಯಾನೇಜ್‌ಮೆಂಟಿಗೆ ಹೋಗಿ ಅಟ್ಯಾಚ್ ಕೊಟ್ಟು, ಓದಲು ಮಾತ್ರ ಅಂತ ಗುರುತು ಹಾಕಿದರೆ, ಹೊಸ ಡ್ರೈವಿನಂತೆ ಎದ್ದು ನಿಲ್ಲುತ್ತದೆ. ಎರಡು ದಿನ ಬಾಗಿಲಲ್ಲಿ ನಿಲ್ಲಿಸಿ ಕಾಡಿದ ಮನೆಗೆ ಹಿತ್ತಲ ಕಡೆಯಿಂದ ಇಷ್ಟು ಸಲೀಸಾಗಿ ಹೋಗಬಹುದು ಅಂತ ಯಾರೂ ಹೇಳಿರಲಿಲ್ಲ. ಅಪ್ಪನ ಹೆಸರಿನ ಫೋಲ್ಡರಿಗೆ ನಿಮಗೆ ಅನುಮತಿಯಿಲ್ಲ ಅಂತ ಒಂದು ಸಲ ಗದರಿತು, ಓದಲು ಮಾತ್ರ ಇದ್ದದ್ದಕ್ಕೆ ಬೀಗ ತೆರೆಯಲೂ ಬಿಡಲಿಲ್ಲ. ಆ ದೊಡ್ಡ ಫೈಲಿನದೇ ಇನ್ನೊಂದು ನಕಲು ಮಾಡಿ, ನಕಲನ್ನು ಬರೆಯಲು ಬರುವಂತೆ ಅಟ್ಯಾಚ್ ಮಾಡಿ, ಮುಂದುವರಿಸು ಅಂದಾಗ ತೆರೆದುಕೊಂಡಿತು. ಡೆಸ್ಕ್‌ಟಾಪ್ ಫೋಲ್ಡರಿನಲ್ಲಿ ‘ಓಣಿ’ ಇತ್ತು. ನಕಲು ಹೊಡೆದು, ತೆರೆದೆ.

ಒಳಗೆ ಕನ್ನಡ ಇರಲಿಲ್ಲ. ತಲೆಯ ಮೇಲೆ ಗೀಟು, ಟೋಪಿ ಇಟ್ಟುಕೊಂಡ ಯುರೋಪಿನ ಅಕ್ಷರಗಳ ಸಂತೆ. ಸಾಲುಸಾಲಿಗೂ ಪೌಂಡಿನ ಗುರುತು. "ಇದೇನs, ಬ್ರಿಟಿಷರ ರೊಕ್ಕಾ?" ಅಂದ ಅಪ್ಪ. ನನ್ನ ಎದೆ ಧಸಕ್ಕೆಂದಿತ್ತು. ಫೈಲೇ ಕೆಟ್ಟಿದೆ ಅಂದುಕೊಂಡೆ. ಕೆಟ್ಟಿರಲಿಲ್ಲ. ಕನ್ನಡ ಗಣಕ ಪರಿಷತ್ತು ರೂಪಿಸಿದ ನುಡಿಯ ಹಳೇ ಫಾಂಟುಗಳು ಕನ್ನಡವನ್ನು ಬರೆಯುತ್ತಿದ್ದ ಬಗೆಯೇ ಹಾಗೆ: ಕಂಪ್ಯೂಟರಿನ ಲೆಕ್ಕದಲ್ಲಿ ಅದು ಇಂಗ್ಲಿಷ್ ಕುಲದ ಅಕ್ಷರ, ಫಾಂಟು ಅದರ ಮೇಲೆ ಕನ್ನಡದ ಮುಖವಾಡ ತೊಡಿಸುತ್ತದೆ. ಯುನಿಕೋಡಿನಲ್ಲಿ, ಅಂದರೆ ಎಲ್ಲ ಭಾಷೆಗಳ ಅಕ್ಷರಕ್ಕೂ ಬೇರೆ ಬೇರೆ ನಂಬರು ಕೊಡುವ ಪದ್ಧತಿಯಲ್ಲಿ, ಕನ್ನಡಕ್ಕೆ 1991ರಿಂದಲೂ ತನ್ನದೇ ಜಾಗವಿದೆ, ಆದರೆ ಅಪ್ಪನಂಥವರು ಕಲಿತದ್ದು ಮುಖವಾಡದ ಕಾಲದಲ್ಲಿ. ನುಡಿ ಫಾಂಟಿನಲ್ಲಿ ‘ನ’ ಕೂತಿರುವುದು ಪೌಂಡಿನ ಗುರುತಿನ ಜಾಗದಲ್ಲಿ. ಅಪ್ಪನ ಫೈಲಿನಲ್ಲಿ ಸಾಲಿಗೊಂದು ‘ಮನೆ’ ಇತ್ತು. ಹಾಗಾಗಿ ಸಾಲಿಗೊಂದು ಪೌಂಡು.

ಹೊಸ ವಿಂಡೋಸಿನಲ್ಲಿ ನುಡಿ ಇಲ್ಲ, ನೆಟ್ಟಿನ ವೈರನ್ನು ನಾನೇ ಕಿತ್ತಿದ್ದೆ. ಮತ್ತೆ ಇಮೇಜಿನೊಳಗೆ ಹೋಗಿ, ವಿಂಡೋಸ್ ಫೋಲ್ಡರಿನ ಫಾಂಟ್ಸ್ ಕೋಣೆಯಿಂದ ನುಡಿಯ ಫಾಂಟುಗಳನ್ನು ಆರಿಸಿ ತಂದು ಹಾಕಿದೆ. ಫೈಲು ಮತ್ತೆ ತೆರೆದಾಗ, "ಬಲಗಡೆ ಮೊದಲನೇ ಮನೆ" ಅಂತ ಓದಲು ಬಂತು. ಅಪ್ಪ ಏನೂ ಅನ್ನಲಿಲ್ಲ. ಕನ್ನಡಕ ತೆಗೆದು ಒರೆಸಿ ಹಾಕಿಕೊಂಡು, ಮೌಸನ್ನು ನನ್ನ ಕೈಯಿಂದ ಕಸಿದುಕೊಂಡು ಕೆಳಗೆ ಕೆಳಗೆ ಹೋದ. ಕೊನೆಯ ಸಾಲಿಗೆ ಬಂದು ನಿಂತ.

41.

ದೀಪಾವಳಿಯವರೆಗಿನ ಓಣಿ ಅಷ್ಟೇ. ಆಮೇಲೆ ಚಳಿಗಾಲದಲ್ಲಿ ಬರೆದ 17 ಮನೆಗಳು ಸತ್ತ ಡಿಸ್ಕಿನಲ್ಲಿದ್ದವು. ನಾನು ಎರಡು ಸೆಕೆಂಡಿನಲ್ಲಿ ಪೆನ್ ಡ್ರೈವಿಗೆ ಎಳೆಯದೆ ಬಿಟ್ಟದ್ದು ಅವನ್ನೇ. ಅಂಗಡಿಗಳು ತೆರೆದ ಮೇಲೆ ವಿಚಾರಿಸಿದೆ. ಡಿಸ್ಕು ಬಿಚ್ಚಿ ಡೇಟಾ ತೆಗೆಯುವವರು ದೊಡ್ಡ ಊರುಗಳಲ್ಲಿ ಇದ್ದಾರೆ. ಅವರು ಹೇಳಿದ ರೊಕ್ಕಕ್ಕೆ ಇನ್ನೊಂದು ಕಂಪ್ಯೂಟರ್ ಬರುತ್ತದೆ, ಅದೂ ಸಿಗುವ ಖಾತ್ರಿಯಿಲ್ಲದೆ. ನಾನು ಕಳಿಸಲು ತಯಾರಿದ್ದೆ, ತಪ್ಪು ನನ್ನದಾದ್ದರಿಂದ. ಅಪ್ಪ ಒಪ್ಪಲಿಲ್ಲ. ಡಿಸ್ಕನ್ನು ಅರಿವೆಯಲ್ಲಿ ಸುತ್ತಿ ಟ್ರಂಕಿನಲ್ಲಿಟ್ಟ, ಮುಳುಗಡೆ ಪರಿಹಾರದ ಕಾಗದಗಳ ಪಕ್ಕದಲ್ಲಿ.

ಈ ಸಲ ನಾನೂ ಒಂದು ಹಟ ಹಿಡಿದೆ: ಉಳಿದ 41ನ್ನು ಯುನಿಕೋಡಿಗೆ ತರಲೇಬೇಕು, ನಾಳೆ ಫಾಂಟು ಇಲ್ಲದ ಮನೆಯಲ್ಲೂ ಓದಲು ಬರಬೇಕು. ಲ್ಯಾಪ್‌ಟಾಪಿನ ಪರಿವರ್ತಕಕ್ಕೆ ಹಾಕಿದೆ. ಮುಕ್ಕಾಲು ಭಾಗ ಸರಿ ಬಂತು. ಅಪ್ಪ ನಡುನಡುವೆ ಇಂಗ್ಲಿಷಿನಲ್ಲಿ ಬರೆದಿದ್ದ ಪಿಡಬ್ಲ್ಯೂಡಿ, ಎಲ್‌ಐಸಿ ಎಂಬಂಥವು ಯಾವ ದೇಶದ್ದೂ ಅಲ್ಲದ ಒತ್ತಕ್ಷರದ ಮುದ್ದೆಗಳಾದವು. ಪರಿವರ್ತಕಕ್ಕೆ ಮುಖವಾಡ ಯಾವುದು, ನಿಜವಾದ ಇಂಗ್ಲಿಷ್ ಯಾವುದು ಅಂತ ತಿಳಿಯದು. ಕೂತು ಸಾಲುಸಾಲು ತಿದ್ದಿದೆವು. ಅಪ್ಪ ಓದುತ್ತಿದ್ದ, ನಾನು ಟೈಪು. ಈಗ ಆ ಫೈಲು ಮೂರು ಕಡೆ ಇದೆ: ಕಂಪ್ಯೂಟರಿನಲ್ಲಿ, ಪೆನ್ ಡ್ರೈವಿನಲ್ಲಿ, ಪುಣೆಯಲ್ಲಿ. ಪ್ರಿಂಟರಿನ ಡ್ರೈವರ್ ಇನ್ನೂ ಸಿಕ್ಕಿಲ್ಲ. ಐಕಾನುಗಳನ್ನು ಅಪ್ಪ ಒಂದೊಂದೇ ಎಳೆದು ಹಳೇ ಜಾಗದಲ್ಲಿ ಕೂಡಿಸಿಕೊಂಡಿದ್ದಾನೆ. ಮೇಲಿನ ಮೂಲೆ ಖಾಲಿ ಇದೆ, ಪ್ರಿಂಟರಿಗೆ ಅಂತ.

ಹೋದ ಭಾನುವಾರ ಸಂಜೆ ಕಳೆದುಹೋದವುಗಳನ್ನು ಮೊದಲಿನಿಂದ ಹಿಡಿದೆವು. ಅವ್ವ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಳು. ಅಪ್ಪ ಪರದೆಯಿಂದ ಕಣ್ಣು ತೆಗೆಯದೆ ಕೂಗಿದ: "ನಲವತ್ತೆರಡನೇದು ಬಳಿಗಾರ ಮನಿ ಹೌದಲ್ಲೋ?"

"ಹೌದ್ರಿ. ಮುಂದ ಬಾರಿಗಿಡ ಇತ್ತು."

"ಬಾರಿಗಿಡಾ?" ಅಪ್ಪ ನನ್ನ ಮುಖ ನೋಡಿದ. "ಅದನ್ನ ನಾ ಮೊದಲ ಬರದಿದ್ದಿಲ್ಲ."

ರೊಟ್ಟಿ ಬಡಿಯುವ ಸದ್ದು ನಿಲ್ಲಲಿಲ್ಲ. "ಗಿಡಾ ಬಳಿಗಾರದು ಖರೆ. ಆದ್ರ ವಾಲಿದ್ದು ಪತ್ತಾರ ಮನಿ ಕಡೆ. ಹಣ್ಣೆಲ್ಲಾ ಅವರ ಅಂಗಳದಾಗ ಬೀಳ್ತಿದ್ದು. ವರ್ಷಾ ಜಗಳ."

ಅಪ್ಪ ಕೀಬೋರ್ಡಿನ ಮೇಲೆ ಬೆರಳಿಟ್ಟು ಸ್ವಲ್ಪ ಹೊತ್ತು ಕೂತ. ಆಮೇಲೆ ಮತ್ತೆ ಅಡುಗೆಮನೆಯ ಕಡೆ ತಿರುಗಿ ಕೇಳಿದ: "ಹಂಗಾದ್ರ ಗಿಡಾ ಯಾರ ಮನಿ ಸಾಲಿಗೆ ಬರೀಲಿ?"